ಉಪ್ಪುನೀರಲ್ಲಿ ತೊಳೆದ ಕಾರು

ಗಂಗೊಳ್ಳಿಯಲ್ಲಿ ಪಾಂಡು ಎಂದು ಕೇಳಿದರೆ ನಾಲ್ಕು ಮನೆ ತೋರಿಸುತ್ತಾರೆ. ‘ಗಾಡಿ ಪಾಂಡು’ ಎಂದರೆ ನೇರ ನಮ್ಮ ಮನೆ. ಅಷ್ಟು ವರ್ಷ ಬೋಟಿನಲ್ಲಿ ತಾಂಡೇಲನಾಗಿ ಹತ್ತಾರು ಜನರನ್ನು ಕಡಲಿಗೆ ಕರೆದುಕೊಂಡು ಹೋಗಿ ವಾಪಸು ತಂದ ನನ್ನ ಅಪ್ಪಯ್ಯನಿಗೆ ಕೊನೆಗೆ ಅಂಟಿದ್ದು ಒಂದು ಹಳೆಯ ಕಾರಿನ ಹೆಸರು. ಈಗ ಜನ ಆ ಹೆಸರು ಹೇಳುವ ರೀತಿ ಬೇರೆ. ಗಾಡಿಯ ಮರುಳಿಗೆ ಹೆಂಡತಿಯನ್ನು ಕಳೆದುಕೊಂಡವನು ಎಂಬುದು ಅದರೊಳಗೆ ಸೇರಿಕೊಂಡಿದೆ. ಅಮ್ಮ ಹೋಗಿ ಒಂದು ಮಳೆಗಾಲ ಕಳೆಯಿತು. ಮಗಳಾದ ನನಗೆ ಅಳು ಬಂದಿಲ್ಲ. ಬರುವುದೆಲ್ಲ ಸಿಟ್ಟು, ಅದೂ ಊಟದ ಹಾಗೆ ಹೊತ್ತಿಗೆ ಬಂದು ಹೋಗುತ್ತದೆ.

ಕಾರು ಬಂದದ್ದು ಬ್ರಹ್ಮಾವರದಿಂದ. ದುಬೈಯಲ್ಲಿದ್ದವರೊಬ್ಬರು ದೊಡ್ಡ ಗಾಡಿ ತೆಗೆದುಕೊಂಡು ಚಿಕ್ಕದನ್ನು ಮಾರಿದ್ದರು. ಅಪ್ಪಯ್ಯನ ಕೈಗೆ ಲೈಸೆನ್ಸ್ ಬಂದು ವಾರವೂ ಆಗಿರಲಿಲ್ಲ. ಮೊದಲು ಕೊಲ್ಲೂರಿಗೆ ಹೋಗಿ ಪೂಜೆ ಮಾಡಿಸದೆ ತಾನು ಹತ್ತುವುದಿಲ್ಲ ಎಂದು ಅಮ್ಮ ಹಟ ಹಿಡಿದಳು. ಹತ್ತದೆ ಕೊಲ್ಲೂರಿಗೆ ಹೋಗುವುದು ಹೇಗೆ ಎಂದು ಅಪ್ಪಯ್ಯ ಕೇಳಿದ ಮೇಲೆ ಮುಂದಿನ ಸೀಟಿನಲ್ಲಿ ಕಾಲು ಎತ್ತಿ ಕೂತಳು. ದಾರಿಯುದ್ದಕ್ಕೂ ಅಪ್ಪಯ್ಯ ಹಾರ್ನ್ ಮುಟ್ಟಲಿಲ್ಲ. ಯಾರು ಅಡ್ಡ ಬಂದರೂ ಕಿಟಕಿಯಿಂದ ತಲೆ ಹೊರಗೆ ಹಾಕಿ “ಹ್ವಾಯ್” ಎಂದು ಕೂಗುತ್ತಿದ್ದ. ಕಡಲಿನಲ್ಲಿ ಕೂಗಿ ಅಭ್ಯಾಸವಾದ ಗಂಟಲು ಅದು. ಕೊಲ್ಲೂರಿನ ಜೀಪಿನವರು ಬೆಚ್ಚಿಬಿದ್ದು ದಾರಿ ಬಿಟ್ಟರು.

ರಿವರ್ಸ್ ಮಾತ್ರ ಅವನಿಗೆ ಕಡೆಯವರೆಗೂ ಒಲಿಯಲಿಲ್ಲ. ಬೋಟು ದಕ್ಕೆಯ ಕಟ್ಟೆಗೆ ತಾಗುವಾಗ ಒಬ್ಬ ಮೇಲೆ ನಿಂತು ಕೂಗಿ ಹೇಳುವುದು ರೂಢಿ. ಅದೇ ರೂಢಿಯಂತೆ ಅಮ್ಮ ಜಲಜ ಪ್ರತಿಸಲ ಇಳಿದು ಹಿಂದೆ ನಿಲ್ಲಬೇಕಿತ್ತು. “ಬರ್ಲಿ, ಬರ್ಲಿ” ಎನ್ನುತ್ತಾ ಒಮ್ಮೆ ಐಸ್ ಪ್ಲಾಂಟಿನ ಗೋಡೆಗೇ ತಾಗಿಸಿದಳು.

“ಗೋಡೆ ಕಂಡಿಲ್ಯಾ ನಿಂಗೆ?” ಎಂದು ಅಪ್ಪಯ್ಯ ಕೇಳಿದ.

“ಕಂಡಿತ್. ನಿಲ್ಸಿ ಅಂಬುದ್ರೊಳ್ಗೆ ತಾಗಿತ್” ಎಂದಳು ಅಮ್ಮ. ಇಬ್ಬರೂ ಆ ವಾರವಿಡೀ ಅದನ್ನೇ ಹೇಳಿಕೊಂಡು ನಗುತ್ತಿದ್ದರು.

ಅವನಿಗೆ ಕಾರಿನ ಮೇಲೆ ಎಷ್ಟು ಪ್ರೀತಿಯೆಂದರೆ ದಿನಾ ಬೆಳಿಗ್ಗೆ ಅದನ್ನು ದಕ್ಕೆಗೆ ಒಯ್ದು ತೊಳೆಯುತ್ತಿದ್ದ. ಹಗ್ಗ ಕಟ್ಟಿದ ಬಕೆಟು ಇಳಿಸಿ, ಬೋಟು ತೊಳೆಯುವ ಅದೇ ನೀರನ್ನು ಮೇಲೆ, ಕೆಳಗೆ, ಸಂದಿಗೊಂದಿಗೆ ಎರಚುತ್ತಿದ್ದ. ಊರಲ್ಲಿ ಯಾರೂ ಅದನ್ನು ತಪ್ಪು ಎನ್ನಲಿಲ್ಲ. ಬೋಟಿನವರು ತೊಳೆಯುವುದೇ ಹಾಗೆ. ಮೂರನೇ ವರ್ಷ ಹೆಮ್ಮಾಡಿಯ ಮೆಕ್ಯಾನಿಕ್ ಸುಜಿತ್ ಗಾಡಿಯ ಅಡಿಗೆ ಹೋದವನು ತುಂಬ ಹೊತ್ತು ಹೊರಗೆ ಬರಲಿಲ್ಲ.

“ಪಾಂಡಣ್ಣ, ಇದನ್ ಎಂತದ್ರಂಗೆ ತೊಳೀತ್ರಿ?”

“ನೀರಂಗೆ. ಬೋಟ್ ತೊಳೂ ನೀರಂಗೆ.”

“ಸಮುದ್ರದ್ ನೀರಂಗಾ? ಇದ್ ಕಬ್ಬಿಣ ಮರಾಯ್ರೆ.”

ಅಪ್ಪಯ್ಯ ಆ ದಿನ ಊಟ ಮಾಡಲಿಲ್ಲ. ಮರುದಿನದಿಂದ ಬಾವಿಯ ನೀರು. ಆದರೆ ಹಿಡಿದ ತುಕ್ಕು ಬಿಡಲಿಲ್ಲ. ಒಂದು ಕಡೆ ತಗಡು ಹಾಕಿದರೆ ಇನ್ನೊಂದು ಕಡೆ ಉದುರುತ್ತಿತ್ತು.

ಅಮ್ಮನ ಕಿಡ್ನಿ ಕೆಟ್ಟದ್ದು ಅದಾದ ಮೇಲೆ. ವಾರಕ್ಕೆರಡು ಸಲ ಕುಂದಾಪುರದಲ್ಲಿ ಡಯಾಲಿಸಿಸ್. ನಮ್ಮ ದಕ್ಕೆಯಲ್ಲಿ ನಿಂತರೆ ಹೊಳೆಯ ಆಚೆ ಕುಂದಾಪುರ ಕಾಣುತ್ತದೆ. ದೋಣಿ ಹತ್ತಿ ಇಳಿಯುವ ತ್ರಾಣ ಅಮ್ಮನಿಗಿರಲಿಲ್ಲ, ಹಾಗಾಗಿ ತ್ರಾಸಿ, ಹೆಮ್ಮಾಡಿ ಎಂದು ಸುತ್ತಿ ಕಾರಿನಲ್ಲೇ ಹೋಗಬೇಕಿತ್ತು. ಡಾಕ್ಟರು ಲೋಟ ಅಳೆದು ನೀರು ಕುಡಿಯಲು ಹೇಳಿದ್ದರು. “ನಂಗೂ ನಿಮ್ ಗಾಡಿಗೂ ನೀರೇ ಆತ್ತಿಲ್ಲ ಕಾಣಿ” ಎಂದು ಅಮ್ಮ ಅಪ್ಪಯ್ಯನನ್ನು ಗೇಲಿ ಮಾಡುತ್ತಿದ್ದಳು. ಅವನು ನಗುತ್ತಿರಲಿಲ್ಲ. ಬರಬರುತ್ತಾ ಸೂಜಿ ಚುಚ್ಚಿ ಚುಚ್ಚಿ ಅಮ್ಮನ ಕೈ ಗಂಟುಗಂಟಾಯಿತು. ಆಸ್ಪತ್ರೆಯಿಂದ ಬಂದ ದಿನ ಅವಳು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು.

ಕೊನೆಯ ಸಲ ಆಸ್ಪತ್ರೆಗೆ ಹೊರಟ ದಿನ ಹೆಮ್ಮಾಡಿ ದಾಟಿದ್ದೇ ಕಾರಿನೊಳಗೆ ಪೆಟ್ರೋಲಿನ ವಾಸನೆ ತುಂಬಿ ಇಂಜಿನ್ ನಿಂತುಹೋಯಿತು. ಪೈಪು ತುಕ್ಕು ಹಿಡಿದು ತೂತಾಗಿತ್ತು. ಅಪ್ಪಯ್ಯ ರಬ್ಬರ್ ಟ್ಯೂಬು, ತಂತಿ ಹಿಡಿದುಕೊಂಡು ಅಡಿಗೆ ನುಸುಳಿದ. ಅಮ್ಮ ಮುಂದಿನ ಸೀಟಿನಲ್ಲೇ ಕೂತಿದ್ದಳು, ನಾನು ಅವಳ ಬಾಗಿಲ ಬಳಿ ನಿಂತಿದ್ದೆ. ಅಷ್ಟರಲ್ಲಿ ಪರಿಚಯದ ಯತೀಶಣ್ಣ ರಿಕ್ಷಾ ನಿಲ್ಲಿಸಿದ.

“ಜಲಜಕ್ಕ, ಬನಿ. ಆಸ್ಪತ್ರಿಗ್ ಬಿಡ್ತೆ.”

“ಬ್ಯಾಡ. ಈಗ ಸರಿ ಆತ್ತ್. ನೀ ಹೋಗ್” ಎಂದು ಅಮ್ಮ ಅವನನ್ನು ಕಳಿಸಿಬಿಟ್ಟಳು. ರಿಕ್ಷಾ ಮರೆಯಾದ ಮೇಲೆ ನನ್ನ ಕೈ ಹಿಡಿದುಕೊಂಡಳು.

“ಸಾಕ್ ಹೆಣೆ. ಆ ಸೂಜಿ ಇನ್ ಬ್ಯಾಡ. ಗಾಡಿ ಕೆಟ್ಟಿತ್, ಹೋಪುಕ್ ಆಯ್ಲಿಲ್ಲ. ಅಷ್ಟೇ. ನಾನೇ ಬ್ಯಾಡ ಅಂದದ್ದ್ ಅಂದೇಳಿ ಗೊತ್ತಾರೆ ಅಪ್ಪಯ್ಯಂಗೆ ತಡೂಕಾತ್ತಿಲ್ಲ.”

ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಆ ಕೈ ನೋಡಿದವರು ಯಾರೂ ಆಗದು ಎನ್ನುತ್ತಿರಲಿಲ್ಲ. ಬಹಳ ಹೊತ್ತಿನ ಮೇಲೆ ಅಪ್ಪಯ್ಯ ಎದ್ದು ಬಂದ. ಮುಖದ ತುಂಬ ಮಣ್ಣು.

“ಕುಂದಾಪ್ರಕ್ಕ್ ಮುಟ್ಟುದಿಲ್ಲ ಇದ್. ಮೆಲ್ಲ ಮನಿಗ್ ಹೋಪ” ಎಂದು ಗಾಡಿ ತಿರುಗಿಸಿದ.

ಆಮೇಲೆ ಅಮ್ಮ ಮನೆ ಬಿಟ್ಟು ಕದಲಲಿಲ್ಲ. ನೆರೆಯವರು ಗಾಡಿ ತರುತ್ತೇವೆ ಎಂದರೆ, “ನಮ್ ಗಾಡಿಯೇ ಸರಿ ಆಗ್ಲಿ” ಎನ್ನುತ್ತಿದ್ದಳು. ಅಪ್ಪಯ್ಯ ಅಂಗಳದಲ್ಲಿ ಬಾನೆಟ್ ತೆರೆದು ಏನೋ ಬಿಚ್ಚುವುದು, ಕಟ್ಟುವುದು. ಅಮ್ಮ ಮಲಗಿದಲ್ಲಿಂದ ಕಿಟಕಿಯಲ್ಲಿ ಅವನನ್ನು ನೋಡುವುದು. ರಿಪೇರಿ ಮುಗಿಯಲೇ ಇಲ್ಲ. ಹಾಗೇ ಒಂದು ಮಧ್ಯಾಹ್ನ ಅಮ್ಮ ಹೋದಳು. ಹೆಣದ ಮುಂದೆಯೇ ಜನ ಶುರು ಮಾಡಿದರು. ಒಂದು ಬಾಡಿಗೆ ಗಾಡಿ ಸಿಗಲಿಲ್ಲವೇ, ಉಪ್ಪುನೀರಲ್ಲಿ ಕಾರು ತೊಳೆಯುವ ಬುದ್ಧಿ ಯಾರಿಗಾದರೂ ಬರುತ್ತದೆಯೇ ಎಂದು. ಅಪ್ಪಯ್ಯ ತಲೆ ತಗ್ಗಿಸಿ ಕೂತಿದ್ದ. ನಾನು ಅಮ್ಮನಿಗೆ ಕೊಟ್ಟ ಮಾತು ಹಿಡಿದುಕೊಂಡು ಸುಮ್ಮನಿದ್ದೆ.

ಮೊನ್ನೆ ಗುಜರಿಯವರು ಕಾರನ್ನು ಎಳೆದುಕೊಂಡು ಹೋಗಲು ಬಂದರು. ಅವರಲ್ಲೂ ಒಬ್ಬ, ಇದೇ ಅಲ್ಲವೇ ಆ ಗಾಡಿ ಎಂದ. ಅಪ್ಪಯ್ಯ ಹೌದೆಂದು ತಲೆಯಾಡಿಸಿದ. ಅದನ್ನು ನನ್ನಿಂದ ಸಹಿಸಲಾಗಲಿಲ್ಲ. ಅವರು ಹೋದ ಮೇಲೆ ಹೇಳಿಬಿಟ್ಟೆ.

“ಅವತ್ತ್ ಯತೀಶಣ್ಣ ರಿಕ್ಷಾ ನಿಲ್ಸಿದ್ದ. ಅಮ್ಮನೇ ವಾಪಸ್ ಕಳ್ಸಿದ್ದ್. ಸಾಕ್ ಅಂದ್ಳ್. ಗಾಡಿಯಿಂದ ಅಲ್ಲ ಅಪ್ಪಯ್ಯ.”

“ಗೊತ್ತಿತ್ತ್” ಎಂದ ಅವನು. “ನಾ ಅಡಿಗೇ ಇದ್ದೆ ಅಲ್ದಾ, ಎಲ್ಲ ಕೇಂಡಿತ್. ಪೈಪ್ ಅಷ್ಟೊತ್ತಿಗೇ ಕಟ್ಟಿ ಆಯಿತ್ತ್. ಅವ್ಳ್ ಹೇಳಿ ಮುಗೂ ತನ್ಕ ಅಲ್ಲೇ ಮಲ್ಕಂಡಿದ್ದೆ.”

ಹೆಮ್ಮಾಡಿಯಿಂದ ಕುಂದಾಪುರ ಹತ್ತಿರ, ನಮ್ಮ ಮನೆ ದೂರ. ಕುಂದಾಪುರ ಮುಟ್ಟದ ಕಾರು ಮನೆಗೆ ಹೇಗೆ ಮುಟ್ಟಿತು ಎಂದು ಇಷ್ಟು ದಿನ ನನಗೆ ಹೊಳೆದೇ ಇರಲಿಲ್ಲ.

“ಮತ್ತೆ ಜನ ಅಷ್ಟೆಲ್ಲ ಹೇಳುವತಿಗೆ ಎಂತಕ್ ಸುಮ್ನೆ ಕೂಕಂಡದ್ದ್?” ಎಂದು ಕೇಳಿದೆ.

“ತಪ್ಪನ್ನ ಗಾಡಿ ಮೇಲ್ ಹಾಕಿದ್ದ್ ಅವ್ಳ್” ಎಂದ ಅಪ್ಪಯ್ಯ. “ಅವ್ಳ್ ಇಟ್ಟ್ ಹೋದದ್ದನ್ನ ನಾ ಎಂತಕ್ ತೆಗೂದ್?”