ಉಸಿರು ಹಿಡಿದು ಕತ್ತರಿಸುವ ಕೈ

ಬೆಳಗಿನ ಆರೂವರೆ. ಮೊದಲ ಬಸ್ಸಿಗೆ ಬಂದಿಳಿದ ತಂತ್ರಜ್ಞೆ ಆಸ್ಪತ್ರೆಯ ಪ್ರಯೋಗಾಲಯದ ಫ್ಯಾನ್ ಆರಿಸುತ್ತಾರೆ, ಮಂಜುಗಡ್ಡೆಯ ಮೇಲೆ ತಣಿದ ಮೇಣದ ಬಿಲ್ಲೆಯನ್ನು ಯಂತ್ರಕ್ಕೆ ಸಿಕ್ಕಿಸುತ್ತಾರೆ, ಉಸಿರು ಬಿಗಿಹಿಡಿಯುತ್ತಾರೆ. ಹಿಡಿ ತಿರುಗಿದಂತೆ ಅಲಗಿನಿಂದ ಕೂದಲಿಗಿಂತ ತೆಳುವಾದ ಎಸಳು ಇಳಿಯುತ್ತದೆ. ಕುಂಚದ ತುದಿಯಲ್ಲಿ ಅದನ್ನೆತ್ತಿ ಬಿಸಿನೀರಿನ ಮೇಲೆ ತೇಲಿಸಿ, ಗಾಜಿನ ಪಟ್ಟಿಗೆ ಹತ್ತಿಸಿದ ಮೇಲೇ ಉಸಿರು ಬಿಡುವುದು. ಇಲ್ಲಿ ಎಲ್ಲರಿಗೂ ಅವರು 'ಉಸಿರಕ್ಕ'.

ಇಂದಿನ ಬಿಲ್ಲೆಯೊಳಗಿರುವುದು ಬಸ್ ಚಾಲಕರೊಬ್ಬರ ಶ್ವಾಸಕೋಶದಿಂದ ಸೂಜಿಯಲ್ಲಿ ತೆಗೆದ, ಎಳ್ಳುಕಾಳಿನಷ್ಟು ಚೂರು. ಕ್ಯಾನ್ಸರ್ ಎಂದು ಕಳೆದ ವಾರವೇ ಗೊತ್ತಾಗಿದೆ. ಅದು ಯಾವ ಔಷಧಕ್ಕೆ ಬಗ್ಗುತ್ತದೆಂದು ಹೇಳುವ ಗುರುತು, ಅಂದರೆ ಬಯೋಮಾರ್ಕರ್, ಇದೇ ಚೂರಿನಲ್ಲಿ ಸಿಗಬೇಕು. ಪರೀಕ್ಷೆಗೆ ಆರು ಎಸಳು ಬೇಕು.

"ಅಕ್ಕಾ, ಆರು ಆಗುತ್ತಾ? ಇನ್ನೊಂದ್ಸಲ ಸೂಜಿ ಹಾಕಿದ್ರೆ ಅವರು ತಡ್ಕೊಳ್ಳಲ್ಲ." ಬಾಗಿಲಲ್ಲಿ ಕಿರಿಯ ವೈದ್ಯೆ.

"ಹಿಂಗೇ ಮಾತಾಡ್ಸ್ತಿದ್ರೆ ಐದಾಗುತ್ತೆ, ಡಾಕ್ಟ್ರೇ."

ಹನ್ನೊಂದು ವರ್ಷದಿಂದ ಇದೇ ಕುರ್ಚಿ. ದಿನಕ್ಕೆ ಅರವತ್ತು ಬಿಲ್ಲೆ, ಇನ್ನೂರು ಗಾಜು. ಸಂಜೆಗೆ ಬಲಭುಜ ಮೇಲೇಳುವುದಿಲ್ಲ. ಅದರ ಮೇಲೆ ಅತ್ತೆಯ ಚೇಷ್ಟೆ: "ಅಲ್ಲಿ ಕೂದಲಿಗಿಂತ ತೆಳ್ಳಗೆ ಕತ್ತರಿಸ್ತಾಳಂತೆ! ಮನೇಲಿ ಇವಳು ಹೆಚ್ಚಿದ ಈರುಳ್ಳಿ ನೋಡ್ಬೇಕು, ಒಂದೊಂದು ಹೋಳೂ ಸೌದೆ ತುಂಡು."

ಮೂರು ವರ್ಷದ ಹಿಂದೊಮ್ಮೆ, ಆತುರದಲ್ಲಿ ಮೇಲಿನ ಮೇಣ ಹೆರೆಯಲು ಹೋಗಿ ಒಳಗಿನ ಚೂರನ್ನೇ ಮುಗಿಸಿಬಿಟ್ಟಿದ್ದರು. ವರದಿಯಲ್ಲಿ 'ಮಾದರಿ ಸಾಲದು' ಎಂದು ಬರೆಯಬೇಕಾಯಿತು. ಆ ರೋಗಿಗೆ ಮತ್ತೆ ಸೂಜಿ, ಮತ್ತೆ ಮೂರು ವಾರ ಕಾಯುವುದು. "ಯಾರೂ ಬೈಲಿಲ್ಲ. ಬೈದಿದ್ರೆ ಮರೆತುಬಿಡ್ತಿದ್ದೆ," ಎನ್ನುತ್ತಾರೆ.

ಅಂದಿನಿಂದ ಸಣ್ಣ ಚೂರು ಬಂದರೆ, ಮೊದಲ ಸಲ ಕತ್ತರಿಸುವಾಗಲೇ ಎರಡು ಎಸಳು ಹೆಚ್ಚಿಗೆ ತೆಗೆದು, ನಂಬರು ಬರೆದು ಡಬ್ಬಿಯಲ್ಲಿಡುತ್ತಾರೆ. ಯಾರೂ ಹೇಳಿಕೊಟ್ಟದ್ದಲ್ಲ.

ನಾಲ್ಕನೆಯ ಎಸಳು ಇಳಿಯುತ್ತದೆ. ಐದನೆಯದರಲ್ಲಿ ಬರೀ ಮೇಣ. ವೈದ್ಯೆಯ ಮುಖ ಸಪ್ಪಗಾಗುತ್ತದೆ. ಉಸಿರಕ್ಕ ಎದ್ದು ಡಬ್ಬಿ ತೆರೆದು, ನಂಬರನ್ನು ಎರಡೆರಡು ಸಲ ಓದಿ, ಕಳೆದ ವಾರ ಎತ್ತಿಟ್ಟ ಎರಡು ಗಾಜು ತಂದಿಡುತ್ತಾರೆ.

"ಎಣಿಸ್ಕೊಳ್ಳಿ."

ಒಂಬತ್ತನೆಯ ದಿನ ವರದಿ ಬರುತ್ತದೆ: ಗುರುತು ಸಿಕ್ಕಿದೆ, ಅದಕ್ಕೆ ಹೊಂದುವ ಮಾತ್ರೆಯೂ ಇದೆ. ಚಾಲಕರನ್ನು ಒಮ್ಮೆ ನೋಡುವ ಆಸೆಯಿಲ್ಲವೇ ಎಂದರೆ ಉಸಿರಕ್ಕ ಬೇಡವೆಂದು ತಲೆಯಾಡಿಸುತ್ತಾರೆ.

"ನಂಗೆ ಅವರ ಗಾಜಿನ ಮೇಲಿನ ನಂಬರ್ ಮಾತ್ರ ಗೊತ್ತು. ದಿನಾ ಮೊದಲ್ನೇ ಬಸ್ಸಿಗೆ ಬರ್ತೀನಲ್ಲ, ಒಂದಿನ ಅದನ್ನ ಓಡಿಸೋರು ಅವರೇ ಆಗಿರ್ಲಿ. ನಂಗೆ ಗೊತ್ತಾಗೋದೂ ಬೇಡ."