ಪಂಪಿನ ಆರ್ವಿಡ್

ಹಸುಗಳನ್ನು ಮಾರಿ ಅದೇ ಕೊಟ್ಟಿಗೆಯಲ್ಲಿ ಮೀನು ಸಾಕತೊಡಗಿದ ಮೇಲೆ ಆರ್ವಿಡ್ ಟೋಲೆಫ್ಸನ್‌ನ ಬಾಯಿಗೆ ಬೀಗವೇ ಇಲ್ಲ. ಮೀನಿನ ತೊಟ್ಟಿಯ ನೀರು ಲೆಟಿಸ್ ಸೊಪ್ಪಿನ ಬೇರಿಗೆ ಹೋಗುತ್ತದೆ, ಸೊಪ್ಪು ಅದನ್ನು ಸೋಸಿ ಮೀನಿಗೇ ಮರಳಿಸುತ್ತದೆ. ಇದನ್ನು ಆತ, ನೋಡಲು ಬಂದವರ ಬಾಯಲ್ಲಿ ಸೊಪ್ಪು ಇರುವಾಗಲೇ, "ಮೀನಿನ ಹೇಲಲ್ಲಿ ಬೆಳೆದಿದ್ದು ಕಣ್ರೀ, ರುಚಿ ಹೇಗಿದೆ?" ಎಂದು ವಿವರಿಸುತ್ತಾನೆ. ಅಮೆರಿಕದ ಇಡೀ ವಿಸ್ಕಾನ್ಸಿನ್ ರಾಜ್ಯ ಹಿಮದಡಿ ಹೂತಿರುವಾಗ ಈತ ಕೊಟ್ಟಿಗೆಗೆ ತಾಗಿದ ಗಾಜಿನ ಮನೆಯೊಳಗೆ ಬನಿಯನ್ನಿನಲ್ಲಿ ಬೆವರುತ್ತ ಸೊಪ್ಪು ಕೊಯ್ಯುತ್ತಾನೆ. ಪ್ರತಿ ಶುಕ್ರವಾರ ವಾಡಿಕೆಯಂತೆ ಊರಿಗೆ ಊರೇ ಹೋಟೆಲಿನಲ್ಲಿ ಕರಿದ ಮೀನು ಮೆಲ್ಲುವಾಗ ಈತ ಮಾತ್ರ ಬರ್ಗರ್ ತರಿಸುತ್ತಾನೆ. "ನಮಗೆಲ್ಲ ಮೀನು ಮಾರಿ ನೀನು ದನ ತಿಂತೀಯೇನೋ?" ಎಂದು ಯಾರಾದರೂ ಕೆಣಕಿದರೆ, "ಹಾಲು ಕರೆಯೋವಾಗ ಮೀನು ತಿಂತಿದ್ದೆ. ಸಾಕಿದ್ದು ಗಂಟಲಲ್ಲಿ ಇಳಿಯಲ್ಲ ಕಣಯ್ಯಾ" ಎನ್ನುತ್ತಾನೆ. ಆತನ ಜೀವವೆಲ್ಲ ಇರುವುದು ತೊಟ್ಟಿಗೆ ಗಾಳಿಯೂದುವ ಪಂಪಿನ ಗುಂಯ್‌ಗುಡುವ ಸದ್ದಿನಲ್ಲಿ. ಅದು ನಿಂತರೆ ಮೀನುಗಳು ಉಸಿರುಗಟ್ಟಿ ಸಾಯುತ್ತವೆ. ಹೀಗಾಗಿ ಎಲ್ಲಿ ಸದ್ದಡಗಿದರೂ ಆತನ ಎದೆ ಧಸಕ್ಕೆನ್ನುತ್ತದೆ. ಒಮ್ಮೆ ಚರ್ಚಿನಲ್ಲಿ ಎಲ್ಲರೂ ಕಣ್ಮುಚ್ಚಿ ಮೌನವಾಗಿದ್ದಾಗ, ತೂಕಡಿಸುತ್ತಿದ್ದವನು ದಿಗ್ಗನೆದ್ದು "ಪಂಪು ನಿಂತೋಯ್ತು!" ಎಂದು ಕೂಗಿ ಕೊಟ್ಟಿಗೆಯತ್ತ ಓಡಿದ್ದ. "ಒಂದು ಆ ಪಂಪು, ಇನ್ನೊಂದು ನಮ್ಮ ಮಾರ್ಲಿಸ್, ಎರಡೂ ಬಾಯಿ ಮುಚ್ಚೋದಿಲ್ಲ" ಎಂದು ಹೆಂಡತಿಯ ಎದುರಿಗೇ ಹೇಳಿ ತಲೆಗೆ ಮೊಟಕಿಸಿಕೊಳ್ಳುತ್ತಿದ್ದ. ಈ ಚಳಿಗಾಲ ಮಾರ್ಲಿಸ್ ತೀರಿಕೊಂಡಳು. ಅದೇ ಚರ್ಚಿನಲ್ಲಿ, ಅವಳ ಶವಪೆಟ್ಟಿಗೆಯ ಮುಂದೆ, ಪಾದ್ರಿ "ಒಂದು ನಿಮಿಷ ಮೌನವಾಗಿರೋಣ" ಎಂದಾಗ ಊರವರೆಲ್ಲ ಓರೆಗಣ್ಣಿನಿಂದ ಆರ್ವಿಡ್‌ನತ್ತ ನೋಡಿದರು. ಆತ ಓಡಲಿಲ್ಲ. ಪಾದ್ರಿಯ ತೋಳು ಹಿಡಿದು, "ಮೌನ ಬೇಡ ಪಾದ್ರಿಗಳೇ, ಏನಾದ್ರೂ ಹಾಡ್ಸಿ" ಎಂದ.