ಹಂದಿ ಕೊಟ್ಟಿಗೆ ಇಲ್ಲದ ಊರು

ಮೊನ್ನೆ ಕೌಜಲಗಿಯಲ್ಲಿ ಪದ್ಮಾಳ ಹೊಲಕ್ಕೆ ಹೋಗಿದ್ದೆ. ಪದ್ಮಾ ನನ್ನ ದೊಡ್ಡಪ್ಪನ ಮಗಳು, ನನ್ನದೇ ವಾರಿಗೆಯವಳು. ಹಕ್ಕಿ ಬೆದರಿಸಲು ಜೋಳದ ನಡುವೆ ದಾರ ಕಟ್ಟಿ ಹಳೆಯ ಸಿಡಿಗಳನ್ನು ತೂಗುಬಿಟ್ಟಿದ್ದರು. ಗಾಳಿಗೆ ಒಂದು ತಿರುಗಿದಾಗ ಅದರ ಮೇಲೆ ಅರ್ಧ ಮಾಸಿದ ರೋಮನ್ ಸಿಪಾಯಿ ಕಂಡ. ನೋಡಿದ್ದೇ ತಡ, ಇಪ್ಪತ್ತೈದು ವರ್ಷದ ಹಳೆಯ ಹೊಟ್ಟೆಕಿಚ್ಚು ಎದ್ದು ಕೂತಿತು. ನಗಬೇಡಿ. ನಲವತ್ತರ ಹತ್ತಿರ ಬಂದವಳಿಗೆ ಇದು ಶೋಭೆಯಲ್ಲ ಎಂದು ನನಗೂ ಗೊತ್ತು.

ಆಗ ನಮ್ಮ ಹುಕ್ಕೇರಿ ಮನೆಯಲ್ಲಿದ್ದ ದೊಡ್ಡ ಯಂತ್ರವೆಂದರೆ ಹೊಲಿಗೆ ಮಷಿನ್. ಗೋಕಾಕದ ಪದ್ಮಾಳ ಮನೆಯಲ್ಲಿ ಕಂಪ್ಯೂಟರ್ ಇತ್ತು. ಅದಕ್ಕಿಂತ ಹೆಚ್ಚಾಗಿ, ಅಲ್ಲಿ ಆಯಿ ಇದ್ದಳು. ಆಯಿ ಅಂದರೆ ನಮ್ಮಿಬ್ಬರ ಅಜ್ಜಿ. ನನಗೆ ಅವಳು ಸಿಗುತ್ತಿದ್ದುದು ಮೇ ತಿಂಗಳ ಸೂಟಿಯಲ್ಲಿ ಮಾತ್ರ, ಪದ್ಮಾಳಿಗೆ ವರ್ಷವಿಡೀ.

ಸಿಡಿಯ ಮೇಲಿನ ಆ ಸಿಪಾಯಿ ನಾವು ಆ ಕಂಪ್ಯೂಟರಿನಲ್ಲಿ ಆಡುತ್ತಿದ್ದ ಆಟದವನು. ರೋಮನ್ನರ ಕಾಲದ ಊರು ಕಟ್ಟುವ ಆಟ ಅದು. ಬಯಲಿನಲ್ಲಿ ರಸ್ತೆ ಹಾಕಿ, ನೀರು ತಂದು, ಗೋದಿ ಬೆಳೆದರೆ ಗುಡಿಸಲುಗಳು ತಾವಾಗಿಯೇ ಮನೆಗಳಾಗುತ್ತವೆ. ಗೋದಿಯ ಜೊತೆ ಇನ್ನೊಂದು ಆಹಾರ ಕೊಟ್ಟರೆ ಮನೆಗಳು ಮತ್ತೂ ಬೆಳೆಯುತ್ತವೆ. ಆಟದಲ್ಲಿ ನಮಗೆ ಸಿಕ್ಕ ಸೀಮೆಯಲ್ಲಿ ಆ ಇನ್ನೊಂದು ಎಂದರೆ ಹಂದಿ ಮಾಂಸ. ನಾವೋ ಜೈನರು, ಉಳ್ಳಾಗಡ್ಡಿ, ಬೆಳ್ಳುಳ್ಳಿ ಕೂಡ ಹೊಸ್ತಿಲು ದಾಟದ ಮನೆ.

ಪದ್ಮಾಳದೊಂದು ಊರು, ನನ್ನದೊಂದು ಊರು. ಹೊತ್ತು ಮುಳುಗುವ ಮೊದಲೇ ಊಟ ಮುಗಿಸಿ ಆಯಿ ಬಂದು ಕೂಡುತ್ತಿದ್ದಳು, ಪದ್ಮಾಳ ಬಾಜೂಕ್ಕೇ. "ಈ ನೀರ ನಮ್ಮ ಧುಪದಾಳದ ಕಾಲುವಿ ಇದ್ದಂಗ ಐತಿ ನೋಡ. ಒಂದ ಜೀವಕ್ಕೂ ತ್ರಾಸ ಕೊಡದ ಊರ ಕಟ್ಟ್ಯಾಳ. ನಮ್ಮ ಪದ್ಮಾ ಭಾಳ ಶಾಣ್ಯಾಕಿ."

ನನ್ನ ಊರಲ್ಲೂ ಹಂದಿ ಇರಲಿಲ್ಲ. ಆದರೆ ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ಯಾಕೆಂದರೆ ನನ್ನ ಊರಿಗೆ ಮೂರು ದಿನಕ್ಕೊಮ್ಮೆ ಬೆಂಕಿ ಬೀಳುತ್ತಿತ್ತು.

ಒಂದು ಮಧ್ಯಾಹ್ನ ಪದ್ಮಾ ದೊಡ್ಡಮ್ಮನ ಜೊತೆ ಬಸದಿಗೆ ಹೋಗಿದ್ದಳು. ನಾನು ಆಟದ ನನ್ನ ಊರ ಮೂಲೆಯಲ್ಲಿ ಒಂದು ಹಂದಿ ಕೊಟ್ಟಿಗೆ ಕಟ್ಟಿದೆ. ಒಂದೇ ಒಂದು. ನೋಡನೋಡುತ್ತ ನನ್ನ ಗುಡಿಸಲುಗಳಿಗೆ ಹೆಂಚು ಬಂತು, ಮಹಡಿ ಬಂತು.

ಸಂಜೆ ಆಯಿ ಕಣ್ಣಗಲಿಸಿದಳು. "ಅಯ್ಯ, ಅರಮನಿಯಂಥಾ ವಾಡೇನ ಕಟ್ಟೀಯಲ್ಲವ್ವಾ!" ಎಂದು ನನ್ನನ್ನು ಎಳೆದು ಪಕ್ಕಕ್ಕೆ ಕೂರಿಸಿಕೊಂಡಳು. ಆಮೇಲೆ ಕೇಳಿದಳು: "ಇಷ್ಟ ಮಂದಿ ಏನ ತಿಂತಾರ?"

"ಜ್ವಾಳ, ಆಯಿ."

ಧೂಳು ಒರೆಸುವವಳಂತೆ ಪರದೆಯ ಆ ಮೂಲೆಗೆ ಅಂಗೈ ಅಡ್ಡ ಇಟ್ಟಿದ್ದೆ. ಬೆರಳ ಸಂದಿಯಲ್ಲಿ ಹಂದಿಗಳು ಓಡಾಡುತ್ತಿದ್ದವು. ಹಿಂದೆ ನಿಂತಿದ್ದ ಪದ್ಮಾ ನೋಡಿದಳು. ನೋಡಿ ಸುಮ್ಮನಾದಳು. ಚಾಡಿ ಹೇಳಿದ್ದರೆ ಜಗಳವಾಡಿ ಮರೆಯುತ್ತಿದ್ದೆ. ಆಟದಲ್ಲಿ ಗೆದ್ದವಳು ಆ ಮೌನದಿಂದ ದೊಡ್ಡವಳಾಗಿ ನನ್ನನ್ನು ಎರಡನೆಯ ಸಲ ಸೋಲಿಸಿದಳು ಎಂದೇ ಇಷ್ಟು ವರ್ಷ ಉರಿದುಕೊಂಡಿದ್ದೇನೆ.

ಮೊನ್ನೆ ಬದುವಿನ ಮೇಲೆ ಕೂತು ಕೇಳಿಯೇಬಿಟ್ಟೆ. "ಅವತ್ತ ಹಂದಿ ನೋಡಿದ್ದಿ. ಆಯಿಗೆ ಯಾಕ ಹೇಳಲಿಲ್ಲ?"

ಪದ್ಮಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. "ಹೇಳಿದ್ರ ನಿನ್ನ ಊರ ಅಳಸಸ್ತಿದ್ಲು. ಆ ವಾಡೆ ನೋಡಿ ನನಗ ಎಷ್ಟ ಹೊಟ್ಟಿ ಉರಿದಿತ್ತ ಗೊತ್ತೇನ? ನೀ ಹುಕ್ಕೇರಿಗೆ ಹೋದ ಮ್ಯಾಲ ನಿನ್ನ ಊರ ತಗದು ನಾನ ಆಡಿದೆ. ಇನ್ನೂ ಮೂರ ಕೊಟ್ಟಿಗಿ ಕಟ್ಟಿದೆ."

"ಆಯಿ?"

"ಕೇಳಿದ್ಲು. ಜ್ವಾಳ ತಿಂತಾರ ಅಂದೆ."

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಇಪ್ಪತ್ತೈದು ವರ್ಷದ ಭಾರ ಇಳಿದಂತಾಯಿತು. ಸಿಡಿ ಗಾಳಿಗೆ ತಿರುಗುತ್ತಿತ್ತು, ಗುಬ್ಬಿಗಳು ಅದಕ್ಕೆ ಕ್ಯಾರೇ ಅನ್ನದೆ ತೆನೆ ತಿನ್ನುತ್ತಿದ್ದವು. ಆಮೇಲೆ ತಲೆ ತನ್ನಷ್ಟಕ್ಕೆ ಎಣಿಸತೊಡಗಿತು. ನನ್ನದು ಒಂದೇ ಕೊಟ್ಟಿಗೆ. ಅವಳದು ಇನ್ನೂ ಮೂರು.

"ಅಲ್ಲ ಪದ್ಮಾ," ಎಂದೆ, ಆದಷ್ಟು ಸಹಜವಾಗಿ, "ಕಡೀಕ ವಾಡೆ ಎಷ್ಟ ದೊಡ್ಡೂ ಆಗಿದ್ವು?"